ಕೆಂಪು ಕಾರು

ಎರಡು ವೇಗದ ಕಾರುಗಳಲ್ಲಿ ಒಂದನ್ನು ಆರಿಸಬೇಕೆಂದು ಆಕೆ ಷೋರೂಮಿಗೆ ಬಂದಿದ್ದಳು. ನೀಲಿ ಕಾರನ್ನು ಓಡಿಸಿ ನೋಡಿ ಬೇಡವೆಂದಳು. ಕೆಂಪು ಕಾರನ್ನು ಬೈಪಾಸಿನವರೆಗೆ ಓಡಿಸಿ, ಅಲ್ಲಿ ನಿಲ್ಲಿಸಿ ಕೆಳಗಿಳಿದಳು.

“ಈಗ ನೀವು ಓಡಸ್ರಿ. ನಾ ಇಲ್ಲೇ ನಿಂತಿರ್ತೀನಿ. ನನ್ನ ಬಾಜೂಕ ಜೋರ್ ಹಾದು ಹೋಗ್ರಿ.”

ಪಕ್ಕದ ಸೀಟಿನಲ್ಲಿದ್ದ ಸೇಲ್ಸ್‌ಮನ್ ಮಹಾಂತೇಶ ನಕ್ಕ. “ಗಾಡಿ ತಗೊಳ್ಳೋರು ಒಳಗ ಕೂತು ನೋಡ್ತಾರ್ರೀ ಮೇಡಂ.”

“ನಾ ಹೇಳಿದಂಗ ಮಾಡ್ರಿ.”

ಕಾರು ಗುಡುಗುತ್ತ ಹಾದುಹೋಯಿತು. ಆಕೆ ಕಣ್ಣು ಮುಚ್ಚಿ ನಿಂತಿದ್ದಳು. ಅವನು ತಿರುಗಿ ಬಂದಾಗ, “ಇನ್ನೊಮ್ಮೆ. ಈ ಸಲ ಬ್ರೇಕ್ ಹಿಡಿಯಬ್ಯಾಡ್ರಿ,” ಎಂದಳು.

ಎರಡನೆಯ ಸಲ ಹಾದು, ತಿರುಗಿ ಬಂದು ನಿಲ್ಲಿಸಿದಾಗ ಆಕೆಯ ಮುಖ ಬಿಳಿಚಿಕೊಂಡಿತ್ತು.

“ಅಂಜಿದ್ರೇನ್ರಿ?”

“ಇಲ್ಲ. ನಾ ಹುಡುಕಾಕತ್ತಿದ್ದು ಇದೇ ಗಾಡಿ.”

ಮಹಾಂತೇಶ ಹಿಗ್ಗಿದ. “ಭಾರಿ ಆರಿಸಿದ್ರಿ ನೋಡ್ರಿ! ಇಡೀ ಊರಾಗ ಇದು ಒಬ್ಬರ ಹತ್ರ ಅಷ್ಟ ಐತಿ.”

“ಅವರ ಹೆಸರು ಹೇಳ್ರಿ,” ಎಂದಳು ಆಕೆ. “ನನ್ನ ಗಂಡಗ ಗುದ್ದಿ ನಿಲ್ಲದಂಗ ಹೋದ ಗಾಡಿ ಸಪ್ಪಳ ಇದೇ.”