ಬಾಗದ ಗೆರೆ

ಹಳೆಯ ಸಭಾಂಗಣದ ಮೇಲಂತಸ್ತಿನ ಗ್ಯಾಲರಿ ಭದ್ರವಾಗಿದೆ ಎಂಬ ವರದಿಗೆ ಸಹಿ ಹಾಕುವುದೊಂದೇ ಬಾಕಿ. ಪೆನ್ನು ಕೈಗೆತ್ತಿಕೊಂಡ ಎಂಜಿನಿಯರಮ್ಮ ಯಾಕೋ ಮನಸ್ಸು ತಡೆಯದೆ, ಗಂಡ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಮಾದರಿಯನ್ನು ಇನ್ನೊಮ್ಮೆ ತೆರೆದಳು. ತೊಲೆ ಕಂಬಕ್ಕೆ ಸೇರುವ ಒಂದೊಂದು ಕಡೆಯಲ್ಲೂ ಅವನು ಬೋಲ್ಟುಗಳ ಬದಲಿಗೆ ಒಂದು ಸ್ಪ್ರಿಂಗ್ ಕೊಟ್ಟಿದ್ದ. ಲೆಕ್ಕದಲ್ಲಿ ಹಾಗೆ ಮಾಡುವುದು ವಾಡಿಕೆಯೇ. ಆದರೆ ನಿಜವಾದ ಬೋಲ್ಟು ಒಂದು ಮಟ್ಟದವರೆಗೆ ಬಿಗಿಯಾಗಿ ಹಿಡಿದು, ಆಮೇಲೆ ಸಡಿಲಾಗಿ, ಕೊನೆಗೆ ಕೈಬಿಡುತ್ತದೆ; ಗ್ರಾಫಿನಲ್ಲಿ ಅದರ ಗೆರೆ ಬಾಗಲೇಬೇಕು. ಪರದೆಯ ಮೇಲಿನ ಗೆರೆ ಮಾತ್ರ ಎಳೆದಷ್ಟೂ ನೆಟ್ಟಗೆ ಮೇಲಕ್ಕೇ ಹೋಗುತ್ತಿತ್ತು. ಹದಿನಾರು ವರ್ಷ ಇದೇ ಕೆಲಸ ಮಾಡಿದವನು ಕಣ್ತಪ್ಪಿ ಹೀಗೆ ಮಾಡುವುದುಂಟೇ?

"ಈ ಗೆರೆ ಎಲ್ಲಿಂದ ಬಂತು?" ಎಂದಳು.

ಪಕ್ಕದ ಮೇಜಿನಲ್ಲಿದ್ದ ಗಂಡ ತಲೆ ಎತ್ತಲಿಲ್ಲ. "ಲ್ಯಾಬ್‌ನವರು ಕೊಟ್ಟಿದ್ದು. ಸಹಿ ಹಾಕು, ಭಾನುವಾರ ಬಾಗಿಲು ತೆಗೀಬೇಕಂತೆ."

ಆ ಅವಸರ ಅವಳಿಗೆ ಸರಿಬರಲಿಲ್ಲ. ಹೊರಗೆ ಮೆಟ್ಟಿಲ ಬಳಿ ನಿಂತು ಲ್ಯಾಬಿಗೆ ಫೋನ್ ಮಾಡಿದಳು. "ಎರಡು ಪುಟ ಕೊಟ್ಟಿದ್ವಲ್ಲ ಮೇಡಂ," ಎಂದ ಅಲ್ಲಿಯವನು. "ಬೋಲ್ಟು ಕಿತ್ತು ಬಂದಿದ್ದು ಎರಡನೇ ಪುಟದಲ್ಲಿದೆ. ನಿಮ್ಮ ಯಜಮಾನ್ರೇ ಬಂದು ತಗೊಂಡು ಹೋದ್ರು."

ಒಳಗೆ ಬಂದು ನೋಡಿದರೆ ಕಡತದಲ್ಲಿದ್ದುದು ಒಂದೇ ಪುಟ. ಇವನು ಯಾರ ಮಾತಿಗೆ ತಲೆಯಾಡಿಸಿ ಬಂದಿದ್ದಾನೋ ಎಂದುಕೊಳ್ಳುತ್ತಲೇ ಅವಳು ಅವನ ಮೇಜಿನ ಡ್ರಾಯರ್ ಎಳೆದಳು. ಅವನು ತಡೆಯಲಿಲ್ಲ. ಎರಡನೇ ಪುಟ ಅಲ್ಲಿತ್ತು; ಅದರ ಕೆಳಗೆ ಗ್ಯಾಲರಿಯ ಹಳೆಯ ನಕ್ಷೆ.

"ಮೂಲೇಲಿರೋ ಸಹಿ ನೋಡು," ಎಂದ.

ಅವಳ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಬೀಳುತ್ತಿದ್ದ ಸಹಿ. ತಾನು ಕಟ್ಟಿಸಿದ ಕಟ್ಟಡ ಕಂಡರೆ ಬೆರಳು ಮಾಡಿ ತೋರಿಸದೆ ಮುಂದೆ ಹೋಗದ ಅಪ್ಪ, ಈ ಸಭಾಂಗಣದ ಬಗ್ಗೆ ಮಾತ್ರ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

"ಈ ವಯಸ್ಸಲ್ಲಿ ಮಾವನವರ ಹೆಸರು ಮಣ್ಣುಪಾಲಾಗೋದು ಬೇಡ ಅನ್ನಿಸ್ತು. ಅದೂ ನಿನ್ನ ಕೈಯಿಂದ. ಬೇಸಿಗೇಲಿ ಸದ್ದಿಲ್ಲದೆ ರಿಪೇರಿ ಮಾಡಿಸಿಬಿಡೋಣ ಅಂತಿದ್ದೆ."

"ಈ ಭಾನುವಾರ ಮೇಲೆ ನಾನೂರು ಜನ ಕೂರ್ತಾರೆ."

ಅವಳು ಎರಡನೇ ಪುಟದ ಅಂಕಿಗಳನ್ನು ಒಂದೊಂದಾಗಿ ತಾನೇ ತುಂಬಿ ಲೆಕ್ಕ ಓಡಿಸಿದಳು. ಮುಂದಿನ ಸಾಲಿನ ಕೆಳಗೆ ತೊಲೆ ಕಂಬಕ್ಕೆ ಸೇರುವ ಕಡೆಗಳೆಲ್ಲ ಪರದೆಯ ಮೇಲೆ ಕೆಂಪಾದವು. ಗ್ಯಾಲರಿ ತೆರೆಯಕೂಡದು ಎಂದು ವರದಿಯನ್ನು ತಿದ್ದಿ ಬರೆದು, ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ಸಭಾಂಗಣದ ಗ್ಯಾಲರಿ ಮುಚ್ಚಿಸ್ತಿದೀನಿ. ಬೋಲ್ಟು ತಡೆಯಲ್ಲ."

ಸಿಟ್ಟಾಗುತ್ತಾರೆ, ಇಲ್ಲವೇ ನೊಂದುಕೊಳ್ಳುತ್ತಾರೆ ಎಂದು ಕಾದಳು. ಅತ್ತ ಕಡೆ ನಿಡಿದಾಗಿ ಉಸಿರು ಬಿಟ್ಟ ಸದ್ದಷ್ಟೇ ಕೇಳಿಸಿತು.

"ಒಳ್ಳೇದಾಯ್ತು ಮಗಳೇ," ಎಂದರು ಅಪ್ಪ. "ಚಿಕ್ಕೋಳಿದ್ದಾಗ ನೀನು ಅಲ್ಲಿ ಹಾಡುವಾಗೆಲ್ಲ ನಿಮ್ಮಮ್ಮ ಮೇಲೆ ಕೂತು ನೋಡ್ಬೇಕು ಅಂತ ಹಠ ಹಿಡಿಯೋಳು. ನಾನು ಒಂದ್ಸಲಾನೂ ಬಿಡಲಿಲ್ಲ."