ಮೊದಲ ಮಳೆಯ ನೀರು

ಬೇಸಿಗೆ ಕಳೆದು ಮೊದಲ ಮಳೆ ಸುರಿದಾಗ ನುತ್ಸಾ ಚರ್ಚಿಗೆ ಹೋಗಿದ್ದಳು. ತಾರಸಿಯ ಕೊಳೆ ತೊಳೆದ ನೀರು ಬೀದಿಗೆ ಹೋಗಬೇಕು. ಅವಳ ತಾರಸಿಯ ಕೊಳವೆ ಮಾತ್ರ ಮಳೆನೀರು ಕೂಡಿಡುವ ಬಾವಿಯತ್ತಲೇ ತಿರುಗಿತ್ತು. ಮೋಟುಗೋಡೆಯಾಚೆ ಕೈಚಾಚಿ ಅದನ್ನು ತಿರುಗಿಸಿದ್ದರೆ ಸಾಕಿತ್ತು. ಪಕ್ಕದ ತಾರಸಿಯ ಚೆನ್ಸಾ ಕೈಕಟ್ಟಿ ನಿಂತಳು.

ನಲ್ಲಿಯಲ್ಲಿ ಉಪ್ಪುನೀರು ಬರುವ ಆ ಮಾಲ್ಟಾದ ಬೀದಿಗೆಲ್ಲ ನುತ್ಸಾಳ ಬಾವಿನೀರಿನ ಚಹಾವೇ ರುಚಿ. ಕುಡಿಯಲಿ ಈಗ, ಪಾರಿವಾಳದ ಹಿಕ್ಕೆಯ ಚಹಾ. ಕೊಚ್ಚೆ ಗುಳುಗುಳು ಇಳಿಯುವುದನ್ನು ನೋಡುತ್ತ ಚೆನ್ಸಾಳ ಹೊಟ್ಟೆ ತಣ್ಣಗಾಯಿತು.

ಬೀದಿಯ ಮೊಣಕಾಲುದ್ದ ನೀರಲ್ಲಿ ನಡೆದುಬಂದ ನುತ್ಸಾ ಏದುಸಿರು ಬಿಡುತ್ತ ತಾರಸಿ ಹತ್ತಿ ಕೊಳವೆ ನೋಡಿದಳು. “ಹಾಳಾಗ್ಹೋಯ್ತಲ್ಲೇ ಚೆನ್ಸಾ. ಇರ್ಲಿ ಬಿಡು, ನಿನ್ ಬಾವಿ ಇದ್ಯಲ್ಲ. ಈ ವರ್ಷ ನಿಮ್ಮನೇಲೇ ಚಹಾ.”

ಚೆನ್ಸಾ ಗಕ್ಕನೆ ಹಿಂದೆ ತಿರುಗಿದಳು. ಅವಳ ಬೆನ್ನ ಹಿಂದೆ ಅವಳದೇ ಕೊಳವೆ, ಅವಳದೇ ಬಾವಿಯೊಳಕ್ಕೆ ಗುಳುಗುಳು ಎನ್ನುತ್ತಿತ್ತು.