ನಾದಿನಿ ಮಾಡಿದ ಸಲಾಡು

ಸತ್ತವರ ಮಣ್ಣು ಮುಗಿಸಿ ಬರುವವರ ಊಟಕ್ಕೆಂದು ದೂರದ ಊರಿನ ಸ್ವಯಂಸೇವಕನೊಬ್ಬ ಅಂಗಡಿಯ ಆಲೂಗಡ್ಡೆ ಸಲಾಡಿನ ಆರು ಪ್ಲಾಸ್ಟಿಕ್ ಡಬ್ಬಿಗಳನ್ನು ಬೆಳಿಗ್ಗೆಯೇ ತಂದು ಮೇಜಿನ ಮೇಲೆ ಜೋಡಿಸಿದ. ಒಳ್ಳೆಯ ಮನುಷ್ಯ, ಪಾಪ. ತಾನೇನು ಮಾಡಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಚರ್ಚಿನ ಹೆಂಗಸರು ಮಾತ್ರ ಹಾವು ಕಂಡವರಂತೆ ಹಿಂದೆ ಸರಿದರು.

"ಲೂಲಾ ಮೇಯನ್ನ ಡಬ್ಬಿ ಸಲಾಡ್ ಇಟ್ಟು ಕಳಿಸೋದಾ?" ಎಂದಳು ಅಡುಗೆಯ ಉಸ್ತುವಾರಿ ಓಜೆಲಾ. "ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ, ನೋಡ್ತಿರಿ."

ಮಿಸಿಸಿಪ್ಪಿ ಸೀಮೆಯ ಆ ಪುಟ್ಟ ಊರಿನಲ್ಲಿ ಯಾರೇ ಸತ್ತರೂ ನಲವತ್ತು ವರ್ಷದಿಂದ ಸಲಾಡು ಲೂಲಾ ಮೇ ಕೈಯದೇ. ಬೇರೆಯವರು ಆ ಪಾತ್ರೆಗೆ ಕೈ ಹಾಕುವಂತಿರಲಿಲ್ಲ. ಶುಕ್ರವಾರ ಸಂಜೆ ಸುಂಟರಗಾಳಿ ಊರಿನ ಮೇಲೆ ಇದ್ದದ್ದು ನಾಲ್ಕೇ ನಿಮಿಷ. ಅಷ್ಟರಲ್ಲಿ ಹದಿಮೂರು ಜನರನ್ನು ತೆಗೆದುಕೊಂಡು ಹೋಯಿತು, ಅವರಲ್ಲಿ ಲೂಲಾ ಮೇಯೂ ಒಬ್ಬಳು. ಚರ್ಚು, ಅದರ ಅಡುಗೆಮನೆ ಎರಡೂ ನೆಲಸಮವಾದ್ದರಿಂದ ಊಟ ಈಗ ಶಾಲೆಯ ಆಟದ ಹಾಲಿನಲ್ಲಿ.

ಹೆಂಗಸರೆಲ್ಲ ಒಟ್ಟಿಗೆ ಮೂಲೆಯ ಕಡೆ ತಿರುಗಿದರು. ಅಲ್ಲಿ ವರ್ನೆಲ್ ದೊಡ್ಡ ಟಬ್ಬಿನಲ್ಲಿ ಐಸ್ ಒಡೆಯುತ್ತಿದ್ದಳು. ಸತ್ತವಳ ನಾದಿನಿ. ಮೂವತ್ತೊಂದು ವರ್ಷದ ಹಿಂದೆ ಒಂದೇ ಒಂದು ಸಲ ಚರ್ಚಿನ ಊಟಕ್ಕೆ ಇವಳೂ ಸಲಾಡು ಮಾಡಿ ತಂದಿದ್ದಳು. ಲೂಲಾ ಮೇ ಒಂದು ಚಮಚ ಬಾಯಿಗಿಟ್ಟುಕೊಂಡು, ಪಾತ್ರೆಗೆ ಮುಚ್ಚಳ ಹಾಕಿ, ಎಲ್ಲರಿಗೂ ಕೇಳುವಂತೆ, "ಮುಂದಿನ ಸಲ ನೀನು ಐಸ್ ತಗೊಂಡ್ ಬಾ ಕಣೇ" ಎಂದಿದ್ದಳು. ಅಂದಿನಿಂದ ವರ್ನೆಲ್ ಐಸೇ ತಂದಳು. ಯಾರಿಗಾದರೂ ಅಡುಗೆ ಕೆಟ್ಟರೆ, "ನೀನೂ ಐಸ್ ತಾ" ಎನ್ನುವುದು ಊರಿನ ಗಾದೆಯೇ ಆಗಿಹೋಯಿತು.

"ನೀನೇ ಮಾಡ್ಬೇಕು ವರ್ನೆಲ್," ಎಂದಳು ಓಜೆಲಾ.

"ನಾನಾ? ಯಾಕೆ, ಹೋದವಳನ್ನ ಇನ್ನೊಂದು ಸಲ ಸಾಯಿಸೋಕಾ?"

"ತಮಾಷೆ ಬಿಡು. ನಿಮ್ಮಣ್ಣ ಶುಕ್ರವಾರದಿಂದ ಬರೀ ಕಾಫಿ ಮೇಲಿದಾನೆ. ಯಾರು ಏನು ಕೊಟ್ರೂ ಮುಟ್ಟಲಿಲ್ಲ. ಒಡಹುಟ್ಟಿದವಳ ಕೈಯಿಂದಾದ್ರೂ ಒಂದು ತುತ್ತು ಇಳೀತದೇನೋ ನೋಡೋಣ."

ಐಸ್ ಒಡೆಯುತ್ತಿದ್ದ ಕೈ ನಿಂತಿತು. ಅತ್ತಿಗೆಯ ಹಿಂದೆಯೇ ಅಣ್ಣನೂ ಹೊರಟುಬಿಟ್ಟರೆ ಎಂಬ ಭಯ ವರ್ನೆಲ್‌ಗೆ ಐದು ದಿನದಿಂದ ಇದ್ದೇ ಇತ್ತು. ಸೆರಗಿಲ್ಲದ ನಾಡು, ಏಪ್ರನ್ನಿನ ದಾರವನ್ನೇ ಬಿಗಿದು ಕಟ್ಟಿಕೊಂಡು ಎದ್ದಳು.

ಪರಿಹಾರದ ಲಾರಿಯಲ್ಲಿ ಬಂದ ಆಲೂಗಡ್ಡೆ, ಯಾರದೋ ಮುರಿದ ಮನೆಯಡಿ ಸಿಕ್ಕ ಮೀನು ಕರಿಯುವ ಗ್ಯಾಸ್ ಒಲೆ, ಶಾಲೆಯ ಅಂಗಳ. ಲೂಲಾ ಮೇ ಎಷ್ಟು ಮೊಟ್ಟೆ ಹಾಕುತ್ತಿದ್ದಳು, ಎಷ್ಟು ಈರುಳ್ಳಿ ಎಂದು ಹೆಂಗಸರು ಚರ್ಚೆಗೆ ಕೂತಾಗ ವರ್ನೆಲ್ ರೇಗಿದಳು: "ಅವಳ ಥರ ಮಾಡಕ್ಕೆ ಹೋಗಿ ನಗೆಪಾಟಲಾಗಲ್ಲ. ನನಗೆ ಬಂದ ಹಾಗೆ ಮಾಡ್ತೀನಿ." ಸಿಪ್ಪೆ ಸುಲಿಯುವಷ್ಟು ಹೊತ್ತೂ ಅತ್ತಿಗೆಯನ್ನು ಬೈಯುತ್ತಲೇ ಇದ್ದಳು, ಅಳುತ್ತಲೂ ಇದ್ದಳು.

ಮಣ್ಣು ಮುಗಿಯಿತು. ಊಟದ ಸಾಲಿನಲ್ಲಿ ಮೊದಲು ಸತ್ತವರ ಮನೆಯವರು. ದಾನವಾಗಿ ಬಂದ ಗಿಡ್ಡ ತೋಳಿನ ಕೋಟಿನಲ್ಲಿ ಹೋಸಿಯಾ ಬಂದು ನಿಂತ. ವರ್ನೆಲ್ ಅಣ್ಣನ ತಟ್ಟೆಗೆ ಒಂದು ಸೌಟು ಹಾಕಿದಳು. ಅವನು ನಿಂತಲ್ಲೇ ಒಂದು ಚಮಚ ತಿಂದ. ನಿಧಾನವಾಗಿ ಅಗಿದ. ಅಲ್ಲಿದ್ದವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ ಕಣೇ," ಎಂದ. "ಅವಳದ್ದಕ್ಕಿಂತ ಚೆನ್ನಾಗಿದೆ."

ಓಜೆಲಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮೂವತ್ತೊಂದು ವರ್ಷ ಈ ಮಾತಿಗೆ ಕಾದಿದ್ದ ವರ್ನೆಲ್ ಅದು ಬಂದಾಗ ಗಾಬರಿಯಿಂದ ಅತ್ತಿತ್ತ ನೋಡಿದಳು. "ಸುಮ್ನಿರು ಅಣ್ಣ. ಕೇಳಿಸ್ಕೊಂಡಾಳು!"

"ಕೇಳಿಸ್ಕೊಳ್ಳಲಿ. ಸಾಸಿವೆ ಸಾಸ್ ಸುರಿದೂ ಸುರಿದೂ ಹಾಳು ಮಾಡ್ತಿದ್ದಳು. ನಲವತ್ತೆರಡು ವರ್ಷ ಬಾಯೆಲ್ಲ ಹುಳಿ ಮಾಡ್ಕೊಂಡು ತಿಂದಿದೀನಿ. ಹೇಳೋ ಗಂಡಸು ಈ ಊರಲ್ಲಿ ಯಾರಿದ್ದ?"

ಮೊದಲು ಓಜೆಲಾ ಕಿಸಕ್ಕೆಂದಳು. ಆಮೇಲೆ ಊಟದ ಸಾಲಿನ ತುಂಬ ನಗು. ಶುಕ್ರವಾರದಿಂದ ಈಚೆಗೆ ಆ ಊರು ನಕ್ಕದ್ದು ಅದೇ ಮೊದಲು. ಹೋಸಿಯಾ ಮಾತ್ರ ನಗಲಿಲ್ಲ. ತಟ್ಟೆ ನೋಡುತ್ತ ನಿಂತ. ಎರಡನೆಯ ಚಮಚ ಬಾಯಿಯವರೆಗೆ ಹೋಗಿ ಹಾಗೇ ಕೆಳಗಿಳಿಯಿತು.

"ವರ್ನೆಲ್, ಆ ಸಾಸಿವೆ ಬಾಟಲಿ ಕೊಡು," ಎಂದ.

ವರ್ನೆಲ್‌ಗೆ ಒಂದು ಕ್ಷಣ ಚುಚ್ಚಿದಂತಾಯಿತು, ಸುಳ್ಳೇಕೆ. ಆದರೂ ಪಕ್ಕದ ಮೇಜಿನಿಂದ ಹಳದಿ ಬಾಟಲಿ ತಂದು, ಮುಚ್ಚಳ ತೆಗೆದು ಕೊಟ್ಟಳು. ಹೋಸಿಯಾ ಸಲಾಡು ಕಾಣದ ಹಾಗೆ ಸಾಸ್ ಹಿಂಡಿದ. ಒಂದು ಚಮಚ ತಿಂದ, ಮುಖ ಕಿವುಚಿದ. ಇನ್ನೊಂದು ತಿಂದ. ಕಣ್ಣಿಂದ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ ತಟ್ಟೆ ಪೂರ್ತಿ ಖಾಲಿ ಮಾಡಿದ.

"ನನಗೂ ಒಂಚೂರು," ಎಂದು ಓಜೆಲಾ ಕೈ ಚಾಚಿದಳು. ಅವಳ ಹಿಂದಿನವರು, ಅವರ ಹಿಂದಿನವರು. ಬಾಟಲಿ ಸಾಲಿನ ಕೊನೆಯವರೆಗೂ ಹೋಗಿ ಖಾಲಿಯಾಗಿ ವಾಪಸು ಬಂತು. ವರ್ನೆಲ್ ಅದನ್ನು ತಲೆಕೆಳಗು ಹಿಡಿದು, ತನ್ನ ತಟ್ಟೆಯ ಮೇಲೆ ಕೊಡವಿದಳು, ಕೊಡವುತ್ತಲೇ ಇದ್ದಳು.